ಕಾಡು ಈರುಳ್ಳಿ ಯಾವ ಕುಟುಂಬಕ್ಕೆ ಸೇರಿದ್ದು? ಲಿಲ್ಲಿಯೋ, ಹಯಸಿಂತೋ, ಶತಾವರಿಯೋ?

ಹಿರಿಯೂರು_ರೈತ:

ಎಲ್ಲರಿಗೂ ನಮಸ್ಕಾರ. ಹಿರಿಯೂರು ತಾಲ್ಲೂಕಿನ ನಮ್ಮ ಹೊಲದ ಬದುವಿನಲ್ಲಿ ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಒಂದು ಗಿಡ ಹೂ ಬಿಡುತ್ತದೆ. ಒಂದು ಎಲೆಯೂ ಇರುವುದಿಲ್ಲ. ನೆಲ ಬಿರುಕು ಬಿಟ್ಟಿರುತ್ತದೆ, ಸುತ್ತ ಹುಲ್ಲು ಕೂಡ ಒಣಗಿರುತ್ತದೆ, ಅಂಥ ಕಡೆ ಮೊಣಕಾಲುದ್ದದ ಒಂದು ಕಡ್ಡಿ ನೆಟ್ಟಗೆ ಎದ್ದು ನಿಂತು ಮೇಲ್ಭಾಗದಲ್ಲಿ ಬಿಡಿ ಬಿಡಿಯಾಗಿ ಮಾಸಲು ಬಿಳಿ ಹೂ ಬಿಡುತ್ತದೆ. ಸಂಜೆ ಹೋದರೆ ಅರಳಿದ ಹೂ ಸಿಗುತ್ತದೆ, ಮಾರನೇ ದಿನ ಬಿಸಿಲೇರುವ ಹೊತ್ತಿಗೆ ಅದು ಮುದುಡಿರುತ್ತದೆ. ಕೆಳಗೆ ಅಗೆದರೆ ಥೇಟ್ ಈರುಳ್ಳಿ, ಬಿಳಿ ಬಣ್ಣದ್ದು. ನಮ್ಮಜ್ಜಿ ಇದನ್ನು ನರಿ ಈರುಳ್ಳಿ ಅನ್ನುತ್ತಿದ್ದರು, ಅಪ್ಪ ಕಾಡು ಈರುಳ್ಳಿ ಅನ್ನುತ್ತಾರೆ.

ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ಇದನ್ನೇ ಒಣಗಿಸಿ, ಹಾಳೆಗೆ ಅಂಟಿಸಿ, ಕೆಳಗೆ ಡ್ರಿಮಿಯಾ ಇಂಡಿಕಾ, ಆಸ್ಪರಾಗೇಸಿ ಕುಟುಂಬ ಎಂದು ಬರೆದು ಕಾಲೇಜಿಗೆ ಕೊಟ್ಟಳು. ಅಲ್ಲಿ ಎರಡನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಅರ್ಜಿನಿಯಾ ಇಂಡಿಕಾ, ಲಿಲಿಯೇಸಿ ಎಂದು ತಿದ್ದಿ ಅಂಕ ಕಡಿಮೆ ಮಾಡಿದ್ದಾರೆ. ಮನೆಗೆ ಬಂದು ಅತ್ತಳು. ಗ್ರಂಥಾಲಯದಿಂದ ತಂದ ಇನ್ನೊಂದು ಪುಸ್ತಕ ನೋಡಿದರೆ ಅದರಲ್ಲಿ ಹಯಸಿಂಥೇಸಿ ಎಂದಿದೆ! ಒಂದು ಗಡ್ಡೆಗೆ ಮೂರು ಕುಟುಂಬ ಹೇಗೆ? ನನಗೆ ಬಾಟನಿ ಗೊತ್ತಿಲ್ಲ, ಆದರೆ ಗಿಡ ನನ್ನ ಹೊಲದ್ದು, ತಿಳಿದುಕೊಳ್ಳಬೇಕು ಅನಿಸಿದೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕೆರೆಏರಿ:

ಅಣ್ಣ, ಹಯಸಿಂತ್ ಅಂದರೆ ಬೆಂಗಳೂರಿನ ಕೆರೆಗಳನ್ನೆಲ್ಲ ಮುಚ್ಚಿಹಾಕುವ ಕಳೆ ಅಲ್ವಾ? ನೇರಳೆ ಹೂ ಬಿಡುತ್ತದಲ್ಲ, ನಾವು ಅಂತರಗಂಗೆ ಅನ್ನುತ್ತೇವೆ. ಅದಕ್ಕೂ ಒಣ ಹೊಲದ ಈರುಳ್ಳಿಗೂ ಏನು ಸಂಬಂಧ?

ಗಡ್ಡೆಗಿಡ:

ಕೆರೆಏರಿ ಅವರೇ, ಏನೂ ಸಂಬಂಧ ಇಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಹಯಸಿಂತ್ ಎಂದ ತಕ್ಷಣ ಎಲ್ಲರಿಗೂ ಕೆರೆಯೇ ನೆನಪಾಗುತ್ತದೆ. ಕೆರೆಯ ಕಳೆ ದಕ್ಷಿಣ ಅಮೆರಿಕದಿಂದ ಬಂದದ್ದು, ಪೊಂಟೆಡೀರಿಯೇಸಿ ಎಂಬ ಬೇರೆಯೇ ಕುಟುಂಬದ್ದು. ಹೂವಿನ ಗೊನೆ ನೋಡಲು ಹಯಸಿಂತ್ ಹಾಗಿದೆ ಎಂದು ಯುರೋಪಿನವರು ಆ ಹೆಸರು ಇಟ್ಟರು, ಅಷ್ಟೇ. ಅದಕ್ಕೆ ಗಡ್ಡೆಯೂ ಇಲ್ಲ, ಉಬ್ಬಿದ ಎಲೆತೊಟ್ಟಿನಲ್ಲಿ ಗಾಳಿ ತುಂಬಿಕೊಂಡು ತೇಲುತ್ತದೆ. (ನಿಜವಾದ ಅಂತರಗಂಗೆಯೂ ಅದಲ್ಲ. ಅಂತರಗಂಗೆ ಎಂದರೆ ಪುಟ್ಟ ಕೋಸಿನ ಹಾಗೆ ತೇಲುವ ಪಿಸ್ಟಿಯಾ.)

ನಿಜವಾದ ಹಯಸಿಂತ್ ಟರ್ಕಿ, ಸಿರಿಯಾ, ಲೆಬನಾನ್ ಕಡೆಯ ಬೆಟ್ಟದ ಹೂ. ಗಡ್ಡೆಯಿಂದ ಹುಟ್ಟುತ್ತದೆ, ಘಮ ಬಹಳ ಜೋರು. 16ನೇ ಶತಮಾನದಲ್ಲಿ ಟರ್ಕಿಯಿಂದ ಯುರೋಪಿಗೆ ಹೋಯಿತು. ಆಮೇಲೆ ಡಚ್ಚರು ಅದರಲ್ಲೇ ನೂರಾರು ತಳಿ ಮಾಡಿದರು. ಶ್ರೀನಗರದ ಟ್ಯುಲಿಪ್ ತೋಟಕ್ಕೆ ಹೋದವರು ಟ್ಯುಲಿಪ್ ಜೊತೆ ಇದನ್ನೂ ನೋಡಿರುತ್ತೀರಿ. ಗಡ್ಡೆಗೆ ಎರಡು ಮೂರು ತಿಂಗಳು ಒಳ್ಳೆಯ ಚಳಿ ಬೇಕು, ಅದಕ್ಕೇ ನಮ್ಮ ಕಡೆ ಫ್ರಿಜ್‌ನಲ್ಲಿಟ್ಟು ಆಮೇಲೆ ಕುಂಡಕ್ಕೆ ಹಾಕುತ್ತಾರೆ.

ಹಿರಿಯೂರಿನ ಅಣ್ಣ ಹೇಳುತ್ತಿರುವ ಕಾಡು ಈರುಳ್ಳಿ ಈ ನಿಜವಾದ ಹಯಸಿಂತ್‌ನ ಬಂಧು. ಅವರ ಪ್ರಶ್ನೆಗೆ ಉತ್ತರ ಉದ್ದ ಇದೆ, ರಾತ್ರಿ ಬರೆಯುತ್ತೇನೆ.

ಗಡ್ಡೆಗಿಡ:

ಸರಿ, ಕೂತು ಬರೆಯುತ್ತಿದ್ದೇನೆ.

ಅಣ್ಣ, ಮಗಳು ಬರೆದದ್ದು ಇಂದಿನ ಲೆಕ್ಕದಲ್ಲಿ ಸರಿ. ಕಾಲೇಜಿನವರು ಬರೆದದ್ದು ನೂರೈವತ್ತು ವರ್ಷ ಹಿಂದಿನ ಲೆಕ್ಕದಲ್ಲಿ ಸರಿ. ಪುಸ್ತಕದಲ್ಲಿರುವುದು ಎರಡರ ನಡುವಿನ ಕಾಲದ್ದು.

1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಿಡಗಳನ್ನು ವಿಂಗಡಿಸಿದಾಗ ಹೂವಿನೊಳಗಿನ ಕೇಸರಗಳನ್ನು ಎಣಿಸಿದ. ಆರು ಕೇಸರ, ಒಂದು ಶಲಾಕೆ (ಅಂಡಾಶಯದ ಮೇಲಿನ ಕಡ್ಡಿ) ಇರುವುದೆಲ್ಲ ಒಂದು ಕಡೆ. ಹಾಗಾಗಿ ಲಿಲ್ಲಿ, ಈರುಳ್ಳಿ, ಹಯಸಿಂತ್ ಎಲ್ಲ ಒಂದೇ ಗುಂಪಿಗೆ ಬಿದ್ದವು. ಯಾರಿಗೆ ಯಾರು ಬಂಧು ಎಂದು ನೋಡಿ ಮಾಡಿದ್ದಲ್ಲ ಅದು, ಹುಡುಕಲು ಸುಲಭವಾಗಲಿ ಎಂದು ಮಾಡಿದ್ದು. 1789ರಲ್ಲಿ ಜುಸ್ಸಿಯೂ ಲಿಲ್ಲಿ ಕುಟುಂಬ ಎಂದು ಹೆಸರಿಟ್ಟ. ಆಮೇಲೆ 1862ರಿಂದ 1883ರವರೆಗೆ ಬೆಂಥಮ್ ಮತ್ತು ಹುಕರ್ ಮಾಡಿದ ವಿಂಗಡಣೆ ಬಂತು. ನಮ್ಮ ದೇಶದ ಹರ್ಬೇರಿಯಂಗಳು (ಒಣಗಿಸಿದ ಗಿಡಗಳ ಸಂಗ್ರಹಗಳು), ಹಳೆಯ ಸಸ್ಯಪಟ್ಟಿಗಳು, ಕಾಲೇಜು ಪಾಠ ಎಲ್ಲವೂ ಬಹಳ ಕಾಲ ಅದನ್ನೇ ಹಿಡಿದುಕೊಂಡು ನಡೆದವು. ಅದರಲ್ಲಿ ಲಿಲ್ಲಿ ಕುಟುಂಬ ಎಷ್ಟು ದೊಡ್ಡದಾಗಿತ್ತು ಎಂದರೆ ನಮ್ಮ ಸುತ್ತಲ ಗಿಡಗಳಲ್ಲೇ ಈರುಳ್ಳಿ, ಬೆಳ್ಳುಳ್ಳಿ, ಲೋಳೆಸರ, ಗೌರಿ ಹೂ, ಶತಾವರಿ, ನಿಮ್ಮ ಬದುವಿನ ಕಾಡು ಈರುಳ್ಳಿ, ಇಷ್ಟೂ ಅದರೊಳಗೇ ಇದ್ದವು. ಲೋಳೆಸರವನ್ನೂ ಗೌರಿ ಹೂವನ್ನೂ ಪಕ್ಕದಲ್ಲಿಟ್ಟು ನೋಡಿ. ಅಣ್ಣತಮ್ಮ ಅನಿಸುತ್ತದೆಯೇ?

ಇದು ಸರಿಯಿಲ್ಲ ಎಂದು ಮೊದಲಿನಿಂದಲೂ ಕೆಲವರು ಹೇಳುತ್ತಲೇ ಇದ್ದರು. ಹಯಸಿಂತ್ ಕುಟುಂಬ ಎಂಬ ಹೆಸರೇ 18ನೇ ಶತಮಾನದ ಕೊನೆಯಲ್ಲಿ ಬಂದಿತ್ತು, ಬಳಸುವವರು ಕಡಿಮೆ ಇದ್ದರು. 1985ರಲ್ಲಿ ಡಾಲ್‌ಗ್ರೆನ್, ಕ್ಲಿಫರ್ಡ್, ಯೋ ಈ ಮೂವರು ಏಕದಳ ಸಸ್ಯಗಳನ್ನೆಲ್ಲ ಹೊಸದಾಗಿ ಪರೀಕ್ಷಿಸಿ ಹಳೆಯ ಲಿಲ್ಲಿ ಕುಟುಂಬವನ್ನು ಒಡೆದರು. ಹಯಸಿಂತ್ ಬೇರೆ ಮನೆ ಮಾಡಿದ್ದು ಆಗ. ಅದರ ಗುರುತು ಸ್ಪಷ್ಟ. ಪದರ ಪದರದ ಗಡ್ಡೆ. ಎಲ್ಲ ಎಲೆಯೂ ಬುಡದಿಂದಲೇ. ನಡುವಿನಿಂದ ಎಲೆಯಿಲ್ಲದ ಒಂದು ಹೂದಂಡು, ಅದರ ಉದ್ದಕ್ಕೂ ಕೆಳಗಿನಿಂದ ಮೇಲಕ್ಕೆ ಅರಳುವ ಹೂ. ಆರು ದಳ, ಆರು ಕೇಸರ, ಮೂರು ಕೋಣೆಯ ಕಾಯಿ.

ಮುಂದೆ ಡಿಎನ್ಎ ಓದುವ ಕಾಲ ಬಂತು. ಹಲವು ದೇಶದ ಸಸ್ಯವಿಜ್ಞಾನಿಗಳು ಸೇರಿದ ಎಪಿಜಿ ಎಂಬ ಗುಂಪು 1998ರ ಪಟ್ಟಿಯಲ್ಲಿ ಹಯಸಿಂಥೇಸಿಯನ್ನು ಕುಟುಂಬ ಎಂದೇ ಇಟ್ಟುಕೊಂಡಿತು. 2003ರಲ್ಲಿ, ಬೇಕಾದವರು ಕುಟುಂಬ ಎನ್ನಿ, ಬೇಡವಾದವರು ಶತಾವರಿಯ ಜೊತೆ ಸೇರಿಸಿಕೊಳ್ಳಿ ಎಂದಿತು. 2009ರಲ್ಲಿ ಆಯ್ಕೆಯನ್ನೇ ತೆಗೆದು ಶತಾವರಿಯ ಕುಟುಂಬ, ಅಂದರೆ ಆಸ್ಪರಾಗೇಸಿಯೊಳಗೆ ಸೇರಿಸಿಬಿಟ್ಟಿತು. ಹಯಸಿಂತ್ ಗುಂಪು ಈಗ ಅದರೊಳಗೆ ಸಿಲ್ಲಾಯ್ಡೀ ಎಂಬ ಉಪಕುಟುಂಬ. 2016ರ ಪಟ್ಟಿಯಲ್ಲೂ ಹಾಗೇ ಉಳಿದಿದೆ.

ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ. 1985ರಲ್ಲಿ ಬೇರೆಯಾದ ಆ ಗುಂಪು ಒಡೆದಿಲ್ಲ. ಡಿಎನ್ಎ ನೋಡಿದ ಮೇಲೂ ಅದರ ಸದಸ್ಯರು ಹೆಚ್ಚುಕಡಿಮೆ ಒಟ್ಟಿಗೇ ನಿಂತಿದ್ದಾರೆ. ಬದಲಾಗಿರುವುದು ಆ ಗುಂಪಿನ ಅಂತಸ್ತು ಮಾತ್ರ.

ಭೀಮಾತೀರ:

ಗಡ್ಡೆಗಿಡ ಸರ್, ನಾನು ಯಾದಗಿರಿಯವ. ನೀವು ಹೇಳಿದ್ದು ನನಗೆ ಹೀಗೆ ಅರ್ಥವಾಯಿತು. ನಮ್ಮೂರು ಮೊದಲು ಗುಲ್ಬರ್ಗಾ ಜಿಲ್ಲೆಯ ಒಂದು ತಾಲ್ಲೂಕು, 2009ರ ಕೊನೆಗೆ ಬೇರೆ ಜಿಲ್ಲೆ ಎಂದು ಘೋಷಣೆ ಆಯಿತು. ಊರು, ಹೊಲ, ಭೀಮಾ ನದಿ ಎಲ್ಲ ಇದ್ದಲ್ಲೇ ಇವೆ, ಅರ್ಜಿ ಬರೆಯುವಾಗ ಜಿಲ್ಲೆ ಎಂಬ ಕಡೆ ತುಂಬುವ ಹೆಸರು ಬದಲಾಯಿತು. ಹಯಸಿಂತ್‌ಗೆ ಅದೇ ವರ್ಷ ತಿರುಗಾ ಮುರುಗಾ ಆಗಿದೆ, ಜಿಲ್ಲೆಯಾಗಿದ್ದದ್ದು ತಾಲ್ಲೂಕಾಗಿದೆ. ಸರಿಯೇ?

ಗಡ್ಡೆಗಿಡ:

ಬಹಳ ಸರಿ. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಒಂದು ಮಾತು ಸೇರಿಸುತ್ತೇನೆ. ಈ ದೊಡ್ಡ ಶತಾವರಿ ಜಿಲ್ಲೆಯಲ್ಲಿ ಇನ್ನೂ ಯಾರು ಯಾರು ಇದ್ದಾರೆ ಗೊತ್ತಾ? ಹಲವು ಮಕ್ಕಳ ತಾಯಿ ಬೇರು ಎನ್ನುವ ನಮ್ಮ ಶತಾವರಿ ಇದ್ದೇ ಇದೆ. ಬೇಲಿಗೆ ಹಾಕುವ ಕತ್ತಾಳೆ ಇದೆ. ಮದುವೆ ಹಾರಕ್ಕೆ ಕಟ್ಟುವ ಸುಗಂಧರಾಜ ಇದೆ, ಅದು ಈಗ ಕತ್ತಾಳೆಯ ಜಾತಿಗೇ (ಕುಟುಂಬದೊಳಗಿನ ಚಿಕ್ಕ ಗುಂಪು, ಜೀನಸ್) ಸೇರಿದೆ. ಮನೆಯೊಳಗೆ ಇಡುವ ಸ್ನೇಕ್ ಪ್ಲಾಂಟ್ ಕೂಡ ಇಲ್ಲಿಯದೇ.

ಈರುಳ್ಳಿ ಬೆಳ್ಳುಳ್ಳಿ ಮಾತ್ರ ಪಕ್ಕದ ಕುಟುಂಬ, ಅಮರಿಲ್ಲಿಡೇಸಿ. ಎರಡೂ ಬಹಳ ಹತ್ತಿರದ ಕುಟುಂಬಗಳು. ನಾವು ಕಾಡು ಈರುಳ್ಳಿ, ನರಿ ಈರುಳ್ಳಿ ಅನ್ನುತ್ತೇವೆ. ತಮಿಳಿನವರು ನರಿ ವೆಂಗಾಯಂ ಎನ್ನುತ್ತಾರೆ, ತೆಲುಗಿನ ನಕ್ಕ ಉಲ್ಲಿಯೂ ನರಿಯ ಈರುಳ್ಳಿಯೇ, ಮರಾಠಿಯಲ್ಲಿ ರಾನಕಾಂದಾ. ಇಷ್ಟು ಭಾಷೆಯವರು ಒಬ್ಬರನ್ನೊಬ್ಬರು ಕೇಳದೆ ಇದು ಈರುಳ್ಳಿಯ ಕಡೆಯದ್ದು, ಆದರೆ ಮನುಷ್ಯರು ತಿನ್ನುವುದಲ್ಲ ಎಂದು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ನಿಮ್ಮ ಅಜ್ಜಿಯ ವಿಂಗಡಣೆಯ ಮೇಲೆ ನನಗೆ ತುಂಬ ಗೌರವ ಇದೆ.

ಬಾಟನಿ_ಮೇಡಂ:

ನಾನು 22 ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಬೇರೆ ಜಿಲ್ಲೆಯಲ್ಲಿ. ಮಗುವಿಗೆ ಅಂಕ ಕಡಿಮೆ ಮಾಡಿದ್ದು ತಪ್ಪು. ಕನಿಷ್ಠ ಪಕ್ಷ ಎಲ್ಲಿ ನೋಡಿ ಬರೆದೆ ಎಂದು ಕೇಳಬೇಕಿತ್ತು. ಆದರೆ ಬೆಂಥಮ್ ಹುಕರ್ ಪಾಠವನ್ನೇ ಕಿತ್ತುಹಾಕಿ ಎನ್ನುವವರ ಜೊತೆ ನಾನಿಲ್ಲ. ಕೈಯಲ್ಲಿ ಒಂದು ಲೆನ್ಸ್, ಒಂದು ಸೂಜಿ, ಒಂದು ಬ್ಲೇಡು ಇರುವ ಹುಡುಗಿಗೆ ಡಿಎನ್ಎ ಕಾಣುವುದಿಲ್ಲ. ಅವಳಿಗೆ ಕಾಣುವುದು ಅಂಡಾಶಯ ದಳದ ಮೇಲಿದೆಯೋ ಕೆಳಗಿದೆಯೋ, ಕೇಸರ ಎಷ್ಟು, ಕಾಯಿಯ ಕೋಣೆ ಎಷ್ಟು ಎಂಬುದು. ಆ ಕಣ್ಣು ಮೊದಲು ಬರಬೇಕು. ಹಳೆಯ ಪದ್ಧತಿ ಆ ಕಣ್ಣನ್ನು ಕೊಡುತ್ತದೆ. ಇನ್ನೊಂದು ಮಾತು, ನಮ್ಮ ದೇಶದ ಅನೇಕ ಹರ್ಬೇರಿಯಂಗಳಲ್ಲಿ ಇವತ್ತಿಗೂ ಕಪಾಟುಗಳು ಆ ಕ್ರಮದಲ್ಲೇ ಇರುತ್ತವೆ. ಲಿಲಿಯೇಸಿ ಎಲ್ಲಿದೆ ಎಂದು ಗೊತ್ತಿಲ್ಲದವರಿಗೆ ಅಲ್ಲಿ ಕಾಡು ಈರುಳ್ಳಿಯ ಹಾಳೆಯೇ ಸಿಗುವುದಿಲ್ಲ.

ನಾನು ನನ್ನ ಮಕ್ಕಳಿಗೆ ಎರಡೂ ಬರೆಸುತ್ತೇನೆ. ಬೆಂಥಮ್ ಹುಕರ್ ಪ್ರಕಾರ ಲಿಲಿಯೇಸಿ, ಎಪಿಜಿ ಪ್ರಕಾರ ಆಸ್ಪರಾಗೇಸಿ. ಯಾವ ಪದ್ಧತಿ ಎಂದು ಹೇಳದೆ ಕುಟುಂಬ ಬರೆಯುವುದು, ಯಾವ ಕ್ಯಾಲೆಂಡರ್ ಎಂದು ಹೇಳದೆ ತಾರೀಕು ಬರೆದ ಹಾಗೆ.

ಗಡ್ಡೆಗಿಡ:

ಮೇಡಂ, ಎರಡೂ ಬರೆಸುವುದು ಬಹಳ ಒಳ್ಳೆಯದು, ಒಪ್ಪುತ್ತೇನೆ. ನನ್ನ ಒಳಗಿನ ಮಾತು ಹೇಳುತ್ತೇನೆ. ಶತಾವರಿ ಕುಟುಂಬವನ್ನು ಇಷ್ಟು ದೊಡ್ಡದು ಮಾಡಿದ್ದು ನನಗೆ ಪೂರ್ತಿ ಹಿಡಿಸಿಲ್ಲ. ಕತ್ತಾಳೆ, ಶತಾವರಿ, ಹಯಸಿಂತ್ ಮೂರಕ್ಕೂ ಹೊಂದುವಂಥ, ಕಣ್ಣಿಗೆ ಕಾಣುವ ಒಂದೇ ಒಂದು ಗುರುತು ಹೇಳಿ ಎಂದರೆ ಹೇಳಲು ಕಷ್ಟ. ಹಯಸಿಂತ್ ಗುಂಪಿಗೆ ಮಾತ್ರ ಎಂದರೆ ಐದು ನಿಮಿಷದಲ್ಲಿ ಹೊಲದಲ್ಲೇ ತೋರಿಸಬಹುದು. ಹೀಗಾಗಿ ನಾನು ಸಿಲ್ಲಾಯ್ಡೀ ಎಂಬ ಉಪಕುಟುಂಬದ ಹೆಸರನ್ನು ಯಾವತ್ತೂ ಬಿಡುವುದಿಲ್ಲ, ಆಸ್ಪರಾಗೇಸಿ ಎಂದು ಬರೆದ ಪಕ್ಕದಲ್ಲೇ ಅದನ್ನೂ ಬರೆಯುತ್ತೇನೆ.

ಇನ್ನು ಒಳಗಿನ ವಿಂಗಡಣೆ. ಸಿಲ್ಲಾಯ್ಡೀ ಒಳಗೆ ನಾಲ್ಕು ಗುಂಪು. ಮೊದಲನೆಯದು ಓಜಿರೋಯಿ, ದಕ್ಷಿಣ ಅಮೆರಿಕದ್ದು, ಬೆರಳೆಣಿಕೆಯಷ್ಟು ಪ್ರಭೇದ. ಎರಡನೆಯದು ಆರ್ನಿಥೋಗ್ಯಾಲಮ್ ಗುಂಪು, ನಮ್ಮ ಕಡೆಯ ಡಿಪ್‌ಕಾಡಿ ಎಂಬ ಗಡ್ಡೆ ಗಿಡಗಳು ಇದರಲ್ಲಿವೆ. ಮೂರನೆಯದು ಅರ್ಜಿನಿಯಾ ಗುಂಪು, ಕಾಡು ಈರುಳ್ಳಿ ಇದರದ್ದು. ನಾಲ್ಕನೆಯದರಲ್ಲಿ ಹಯಸಿಂತ್, ಮಸ್ಕಾರಿ, ಸಿಲ್ಲಾ, ಮತ್ತೆ ನಮ್ಮ ಮಚ್ಚೆ ಎಲೆಯ ಲೆಡೆಬೌರಿಯಾ. ಎಲ್ಲಕ್ಕಿಂತ ಜಾಸ್ತಿ ಬಗೆ ಇರುವುದು ದಕ್ಷಿಣ ಆಫ್ರಿಕಾದಲ್ಲಿ. ಅದು ಬಿಟ್ಟರೆ ಮೆಡಿಟರೇನಿಯನ್ ಸುತ್ತ, ಅಲ್ಲಿಂದ ಮಧ್ಯ ಏಷ್ಯಾದವರೆಗೆ. ಮಳೆಗಾಲ ಒಂದು, ಒಣಗಾಲ ಒಂದು ಎಂದು ಸ್ಪಷ್ಟವಾಗಿ ಬೇರೆ ಇರುವ ಊರುಗಳು ಇವಕ್ಕೆ ಬೇಕು. ಒಣಗಾಲವನ್ನು ಗಡ್ಡೆಯೊಳಗೆ ಕಳೆಯುತ್ತವೆ. ಹಿರಿಯೂರಿಗೆ ಇವು ಹೊಂದಿಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ.

ಹಿರಿಯೂರು_ರೈತ:

ಎಲ್ಲರಿಗೂ ಕೈಮುಗಿದೆ. ಮಗಳಿಗೆ ಎಲ್ಲ ಓದಿ ಹೇಳಿದೆ. ಅವಳದ್ದೇ ಒಂದು ಪ್ರಶ್ನೆ ಇದೆ. ಕುಟುಂಬದ ವಿಷಯ ಆಯಿತು, ಹಾಗಾದರೆ ಅರ್ಜಿನಿಯಾ ಡ್ರಿಮಿಯಾ ಆದದ್ದು ಯಾಕೆ? ಹೊಲದಲ್ಲಿ ನೋಡಿದ ತಕ್ಷಣ ಇದು ಆ ಗುಂಪು ಎಂದು ಹೇಗೆ ಹೇಳುವುದು?

ಗಡ್ಡೆಗಿಡ:

ಎರಡನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಅದು ನನಗೆ ಬಹಳ ಇಷ್ಟದ್ದು. ಸಂಜೆ ಹೊಲಕ್ಕೆ ಹೋಗುವಾಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ತೆಗೆದುಕೊಂಡು ಹೋಗಮ್ಮ. ಹೂದಂಡಿನ ತುದಿಯ ಎಳೆಯ ಮೊಗ್ಗುಗಳ ಕಡೆ ನೋಡು, ಕೆಳಗಿನ ಅರಳಿದ ಹೂ ಬೇಡ. ಪ್ರತಿ ಮೊಗ್ಗಿನ ತೊಟ್ಟಿನ ಬುಡದಲ್ಲಿ ಒಂದು ಪುಟಾಣಿ ಎಲೆ ಇರುತ್ತದೆ, ಉಗುರಿನ ಚೂರಿನಷ್ಟೂ ಇರುವುದಿಲ್ಲ, ತೆಳ್ಳಗೆ ಕಾಗದದ ಹಾಗೆ. ಆ ಮೊಗ್ಗುಗಳ ಪೈಕಿ ಮೊದಲು ಬಂದ ಕೆಳಗಿನವುಗಳಲ್ಲಿ ಆ ಎಲೆಯ ಹಿಂಬದಿಯಿಂದ ಕೆಳಮುಖವಾಗಿ ಒಂದು ಸಣ್ಣ ಮುಳ್ಳಿನಂಥ ಚಾಚು ಹೊರಟಿರುತ್ತದೆ, ಹುಂಜದ ಕಾಲಿನ ಹಿಂದೆ ಇರುತ್ತದಲ್ಲ, ಹಾಗೆ. ಅದು ಅರ್ಜಿನಿಯಾ ಗುಂಪಿನ ಗುರುತು. ಹೂ ಅರಳುವ ಹೊತ್ತಿಗೆ ಈ ಎಲೆಗಳು ಒಣಗಿ ಉದುರಿಹೋಗುತ್ತವೆ, ಅದಕ್ಕೇ ಬಹಳ ಜನಕ್ಕೆ ಕಾಣುವುದಿಲ್ಲ.

ಮೂರು ನಾಲ್ಕು ವಾರ ಬಿಟ್ಟು ಕಾಯಿ ಒಡೆಯುವಾಗ ಬೀಜ ನೋಡು. ಕಾಡು ಈರುಳ್ಳಿಯ ಬೀಜ ಚಪ್ಪಟೆ, ಕಪ್ಪು, ಅಂಚಿನ ಸುತ್ತ ತೆಳುವಾದ ರೆಕ್ಕೆ. ಊದಿದರೆ ಹಾರುತ್ತದೆ. ಹಯಸಿಂತ್, ಲೆಡೆಬೌರಿಯಾ ಗುಂಪಿನ ಬೀಜ ದುಂಡಗೆ, ಸಾಸಿವೆಯ ಕಡೆಯದ್ದು. ಬೇಸಿಗೆಯಲ್ಲಿ ಬೋಳು ಕಡ್ಡಿಯ ಮೇಲೆ ಕಾಯಿ ಒಡೆಯುವುದು ಗಾಳಿಗೆ ಬೀಜ ಬಿಡಲು. ಮುಂದಿನ ಮಳೆಗೆ ಬೀಜ ನೆಲದ ಮೇಲೆ ಸಿದ್ಧವಾಗಿರುತ್ತದೆ.

ಹೂವು ಈರುಳ್ಳಿಯದೋ ಇದರದೋ ಎಂಬ ಅನುಮಾನ ಬಂದರೆ ಅದು ಇನ್ನೂ ಸುಲಭ. ಈರುಳ್ಳಿ ಹೂವಿನ ತೊಟ್ಟುಗಳೆಲ್ಲ ದಂಡಿನ ತುದಿಯಲ್ಲಿ ಒಂದೇ ಜಾಗದಿಂದ ಹೊರಟು ಚೆಂಡಿನ ಹಾಗೆ ಕೂರುತ್ತವೆ. ಇದರದ್ದು ದಂಡಿನ ಉದ್ದಕ್ಕೂ. ಇದಕ್ಕೆ ಈರುಳ್ಳಿಯ ವಾಸನೆಯೂ ಇಲ್ಲ.

ಈಗ ಹೆಸರು. ರಾಕ್ಸ್‌ಬರ್ಗ್ ಎಂಬ ಸಸ್ಯವಿಜ್ಞಾನಿ ಈ ಗಿಡಕ್ಕೆ ಮೊದಲು ಇಟ್ಟ ಹೆಸರು ಸಿಲ್ಲಾ ಇಂಡಿಕಾ. ಕುಂತ್ ಎಂಬವರು ಅರ್ಜಿನಿಯಾಕ್ಕೆ ಸೇರಿಸಿದರು. 1977ರಲ್ಲಿ ಜೆಸ್ಸಪ್ ದಕ್ಷಿಣ ಆಫ್ರಿಕಾದ ಡ್ರಿಮಿಯಾಗಳನ್ನೂ ಅರ್ಜಿನಿಯಾಗಳನ್ನೂ ಹೋಲಿಸಿ ನೋಡಿ, ನಡುವೆ ಗೆರೆ ಎಳೆಯಲು ಆಗುವುದಿಲ್ಲ ಎಂದು ಎರಡನ್ನೂ ಒಂದು ಮಾಡಿದರು. ಡ್ರಿಮಿಯಾ ಹಳೆಯ ಹೆಸರು, ಆದ್ದರಿಂದ ನಿಯಮದ ಪ್ರಕಾರ ಅದು ಉಳಿಯಿತು.

ಬಾಟನಿ_ಮೇಡಂ:

ಸಿಲ್ಲಾ ಇಂಡಿಕಾ ಎಂದಿರಲ್ಲ, ಅಲ್ಲೊಂದು ಗುಂಡಿ ಇದೆ, ಹುಡುಗಿ ಬೀಳಬಾರದು ಎಂದು ಹೇಳುತ್ತಿದ್ದೇನೆ. ಹಳೆಯ ಪುಸ್ತಕಗಳಲ್ಲಿ ಸಿಲ್ಲಾ ಇಂಡಿಕಾ ಎಂಬ ಒಂದೇ ಹೆಸರು ಎರಡು ಬೇರೆ ಗಿಡಕ್ಕಿದೆ. ರಾಕ್ಸ್‌ಬರ್ಗ್ ಬರೆದ ಸಿಲ್ಲಾ ಇಂಡಿಕಾ ಕಾಡು ಈರುಳ್ಳಿ. ಬೇಕರ್ ಬರೆದ ಸಿಲ್ಲಾ ಇಂಡಿಕಾ ಮಚ್ಚೆ ಎಲೆಯ ಪುಟ್ಟ ಗಿಡ, ಈಗಿನ ಲೆಡೆಬೌರಿಯಾ. ಒಂದು ವಿಷ, ಇನ್ನೊಂದರ ರಸಾಯನವೇ ಬೇರೆ. ಔಷಧಿ ಗಿಡಗಳ ಬಗ್ಗೆ ಯಾರಾದರೂ ಹಳೆಯ ಹೆಸರನ್ನು ಮಾತ್ರ ಹಿಡಿದು ಬರೆದರೆ ಯಾವ ಗಡ್ಡೆಯ ಬಗ್ಗೆ ಹೇಳುತ್ತಿದ್ದಾರೆ ಎಂದೇ ಗೊತ್ತಾಗುವುದಿಲ್ಲ. ಹೆಸರಿನ ಮುಂದೆ ಅದನ್ನು ಕೊಟ್ಟವರ ಹೆಸರನ್ನೂ ಬರೆಯಿರಿ ಎಂದು ನಾನು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಲೆಡೆಬೌರಿಯಾ ಎಂಬ ಜಾತಿಗೆ 1821ರಲ್ಲಿ ರೋತ್ ಹೆಸರಿಟ್ಟದ್ದು ನಮ್ಮ ಭಾರತದ ಗಿಡವನ್ನು ನೋಡಿಯೇ. ಈಗ ಆಫ್ರಿಕಾದಲ್ಲಿ ಅದರ ಹತ್ತಾರು ಪ್ರಭೇದ ಇವೆ, ಆದರೆ ಜಾತಿಯ ಹೆಸರು ನಿಂತಿರುವುದು ನಮ್ಮ ಗಿಡದ ಮೇಲೆ. ಮಧ್ಯದಲ್ಲಿ ಅದನ್ನು ಸಿಲ್ಲಾದೊಳಗೆ ಸೇರಿಸಿ ಮರೆತೇಬಿಟ್ಟಿದ್ದರು. 1970ರಲ್ಲಿ ಅದೇ ಜೆಸ್ಸಪ್ ಮತ್ತೆ ಹೊರಗೆ ತಂದರು. ಕರ್ನಾಟಕದ ಹೆಸರನ್ನೇ ಇಟ್ಟ ಲೆಡೆಬೌರಿಯಾ ಕರ್ನಾಟಕೆನ್ಸಿಸ್ ಎಂಬ ಪ್ರಭೇದವೂ ಇದೆ, ಹೈದರಾಬಾದಿನ ಹೆಸರಿನದ್ದೂ ಇದೆ. ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣು ಅರಳುತ್ತದೆ.

ಯಾರ್ಕ್‌ಶೈರ್_ಕನ್ನಡತಿ:

ಸುಮ್ನೆ ಓದಿಕೊಂಡು ಹೋಗೋಣ ಎಂದುಕೊಂಡಿದ್ದೆ, ತಡೆಯಲಾಗಲಿಲ್ಲ. ನಾನು ಹನ್ನೊಂದು ವರ್ಷದಿಂದ ಇಲ್ಲಿ, ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಕಾಡಿನ ನೆಲವೆಲ್ಲ ನೀಲಿಯಾಗುತ್ತದೆ, ಬ್ಲೂಬೆಲ್. ಮರಗಳು ಎಲೆ ಬಿಟ್ಟು ನೆರಳಾಗುವ ಮೊದಲೇ ಹೂ ಮುಗಿಸಿಬಿಡುತ್ತದೆ. ಇದೂ ನಿಮ್ಮ ಗುಂಪಿನದ್ದೇ ಎಂದು ಈಗ ಗೊತ್ತಾಯಿತು, ನೋಡಿದರೆ ಅದರ ಹೆಸರಿನ ಕಥೆಯೂ ಕಾಡು ಈರುಳ್ಳಿಯಷ್ಟೇ ಇದೆ. ಲಿನೇಯಸ್ ಇದನ್ನು ಹಯಸಿಂತಸ್ ನಾನ್‌ಸ್ಕ್ರಿಪ್ಟಸ್ ಎಂದ. ಅಂದರೆ ಬರಹ ಇಲ್ಲದ್ದು. ಗ್ರೀಕರ ಕಥೆಯಲ್ಲಿ ಅಪೊಲೊ ಎಸೆದ ಚಕ್ರ ತಗಲಿ ಹಯಸಿಂತಸ್ ಎಂಬ ಹುಡುಗ ಸಾಯುತ್ತಾನೆ. ಅವನ ರಕ್ತದಿಂದ ಹುಟ್ಟಿದ ಹೂವಿನ ದಳದ ಮೇಲೆ ದುಃಖದ ಕೂಗು, ಅಯ್ಯೋ ಅಯ್ಯೋ ಎಂಬ ಹಾಗೆ, ಅಕ್ಷರದಲ್ಲಿ ಮೂಡುತ್ತದೆ. ಬ್ಲೂಬೆಲ್ ದಳದ ಮೇಲೆ ಅಂಥ ಗೆರೆ ಏನೂ ಇಲ್ಲ, ಅದಕ್ಕೇ ಆ ಹೆಸರು. ಆಮೇಲೆ ಅದು ಸಿಲ್ಲಾ ಆಯಿತು, ಎಂಡಿಮಿಯನ್ ಆಯಿತು, ಈಗ ಹಯಸಿಂಥಾಯ್ಡಿಸ್ ಆಗಿದೆ. ಮೂರು ಸಲ ಜಾತಿ ಬದಲಾದರೂ ಬರಹ ಇಲ್ಲದ್ದು ಎಂಬ ಹಿಂದಿನ ಅರ್ಧ ಹಾಗೇ ಉಳಿದುಕೊಂಡು ಬಂದಿದೆ.

ಇಲ್ಲಿ ಕಾಡಿನಿಂದ ಈ ಗಡ್ಡೆ ಕಿತ್ತು ಮಾರುವುದು ಕಾನೂನು ಪ್ರಕಾರ ಅಪರಾಧ. ಸ್ಪೇನಿನ ಬ್ಲೂಬೆಲ್ ತೋಟಗಳಿಂದ ಹೊರಗೆ ಬಂದು ಇದರ ಜೊತೆ ಬೆರೆತು ಮಿಶ್ರತಳಿ ಆಗುತ್ತಿದೆ ಎಂಬ ಚಿಂತೆಯೂ ಇದೆ.

ಅಜ್ಜಿಮದ್ದು:

ನಮ್ಮ ಮನೆಯಲ್ಲಿ ಕಾಲಿನ ಆಣಿಗೆ ಕಾಡು ಈರುಳ್ಳಿ ಸುಟ್ಟು ಕಟ್ಟುತ್ತಿದ್ದರು. ಕೆಮ್ಮಿಗೂ ಒಳ್ಳೆಯದು ಎಂದು ಕೇಳಿದ್ದೇನೆ. ಒಣಗಿಸಿ ಪುಡಿ ಮಾಡಿ ಜೇನಿನಲ್ಲಿ ತೆಗೆದುಕೊಳ್ಳಬಹುದಾ? ಎಷ್ಟು ಪ್ರಮಾಣ?

ಗಡ್ಡೆಗಿಡ:

ದಯವಿಟ್ಟು ಬೇಡ. ಒಂದು ಚಿಟಿಕೆಯೂ ಬೇಡ. ಕೈಮುಗಿದು ಕೇಳಿಕೊಳ್ಳುತ್ತೇನೆ.

ಇದರ ಗಡ್ಡೆಯಲ್ಲಿರುವ ವಸ್ತುಗಳು ನೇರವಾಗಿ ಹೃದಯದ ಮೇಲೆ ಕೆಲಸ ಮಾಡುತ್ತವೆ. ಬ್ಯೂಫಾಡೈಎನೊಲೈಡ್ ಎಂಬ ವರ್ಗ, ಕಪ್ಪೆಗಳ ಚರ್ಮದ ವಿಷದಲ್ಲಿ ಇರುವಂಥದ್ದೇ. ಹೃದಯದ ಬಡಿತ ಹದ ತಪ್ಪುತ್ತದೆ. ಮೆಡಿಟರೇನಿಯನ್ ಕಡೆ ಇದರ ಅಕ್ಕನಂಥ ಗಿಡ ಇದೆ, ಡ್ರಿಮಿಯಾ ಮಾರಿಟಿಮಾ. ಅದನ್ನು ಸಾವಿರಾರು ವರ್ಷದಿಂದ ಮದ್ದಿಗೂ ಬಳಸಿದ್ದಾರೆ, ಅದರ ಕೆಂಪು ಬಗೆಯಿಂದ ಇಲಿ ಪಾಷಾಣವನ್ನೂ ಮಾಡಿದ್ದಾರೆ. ಬೇರೆ ಪ್ರಾಣಿಗಳು ತಿಂದರೆ ವಾಂತಿ ಮಾಡಿಕೊಂಡು ಹೊರಹಾಕಬಹುದು, ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಸಾಯುತ್ತದೆ. ನಮ್ಮ ಕಾಡು ಈರುಳ್ಳಿಯನ್ನೂ ಅದರ ಬದಲಿಗೆ ಭಾರತದಲ್ಲಿ ಔಷಧಿ ತಯಾರಿಕೆಗೆ ಬಳಸಿದ್ದು ಉಂಟು, ಆದರೆ ಅದು ಅಳೆದು, ಪರೀಕ್ಷಿಸಿ ಮಾಡಿದ್ದು. ಮನೆಯಲ್ಲಿ ಒಣಗಿಸಿದ ಗಡ್ಡೆಯಲ್ಲಿ ಎಷ್ಟು ವಿಷ ಇದೆ ಎಂದು ಅಳೆಯಲು ನಮಗೆ ದಾರಿಯಿಲ್ಲ.

ಅಗೆಯುವಾಗಲೂ ಬರಿಗೈ ಬೇಡ. ಹಸಿ ಪದರದಲ್ಲಿ ಸೂಜಿಯಂಥ ಹರಳುಗಳಿವೆ, ಚರ್ಮಕ್ಕೆ ಚುಚ್ಚಿ ತುರಿಕೆ ಹಿಡಿಯುತ್ತದೆ. ಯಾರಾದರೂ ಗೊತ್ತಿಲ್ಲದೆ ತಿಂದರೆ ಮನೆಮದ್ದು ಎಂದು ಕಾಯದೆ ಗಡ್ಡೆಯನ್ನೂ ಕೈಯಲ್ಲಿ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈ ವಿಷಕ್ಕೂ ನಮ್ಮ ಚರ್ಚೆಗೂ ಸಂಬಂಧ ಇದೆ. ಬ್ಯೂಫಾಡೈಎನೊಲೈಡ್ ಅರ್ಜಿನಿಯಾ ಗುಂಪಿನ ಗುರುತು. ಆರ್ನಿಥೋಗ್ಯಾಲಮ್ ಗುಂಪಿನಲ್ಲಿ ಕಾರ್ಡೆನೊಲೈಡ್ ಎಂಬ ಬೇರೆ ವರ್ಗದ ವಿಷ ಸಿಗುತ್ತದೆ. ಹಯಸಿಂತ್ ಗುಂಪಿನಲ್ಲಿ ಹೋಮೋಐಸೋಫ್ಲಾವನೋನ್ ಎಂಬ ಮತ್ತೊಂದು ಬಗೆಯ ವಸ್ತು. ಬೀಜ ನೋಡಿ ಮಾಡಿದ ಗುಂಪು, ರಸಾಯನ ನೋಡಿ ಮಾಡಿದ ಗುಂಪು, ಡಿಎನ್ಎ ನೋಡಿ ಮಾಡಿದ ಗುಂಪು ಮೂರೂ ಹೊಂದಿಕೊಂಡಾಗ ನನಗೆ ಈ ವಿಂಗಡಣೆಯ ಮೇಲೆ ನಂಬಿಕೆ ಬಂತು. ದಕ್ಷಿಣ ಆಫ್ರಿಕಾದಲ್ಲಿ ಬೋವಿಯಾ ಎಂಬ ಬಳ್ಳಿ ಗಡ್ಡೆ ಇದೆ. ಹೊರಗಿನಿಂದ ಯಾರಿಗೂ ಹೋಲುವುದಿಲ್ಲ, ಆದರೆ ಅದರಲ್ಲಿಯೂ ಇದೇ ವಿಷ. ಅದೂ ಈಗ ಇದೇ ಗುಂಪಿನಲ್ಲಿದೆ.

ಅಜ್ಜಿಮದ್ದು:

ಕೇಳಿದ್ದು ಒಳ್ಳೆಯದಾಯಿತು. ಅಮ್ಮನಿಗೂ ಫೋನ್ ಮಾಡಿ ಹೇಳಿದೆ.

ಕೆಂಪುಕಲ್ಲು:

ಕುಟುಂಬದ ಗೊಂದಲ ಒಂದು ಸಲದ್ದು, ಜಾತಿಯ ಗೊಂದಲ ಇನ್ನೂ ಮುಗಿದಿಲ್ಲ, ಅದನ್ನು ಯಾರೂ ಹೇಳಲಿಲ್ಲವಲ್ಲ. ನಾನು ಖಾನಾಪುರ ಕಡೆಯವನು, ಮಳೆಗಾಲದಲ್ಲಿ ಜಂಬಿಟ್ಟಿಗೆ ಕಲ್ಲಿನ ಬಯಲುಗಳಲ್ಲಿ ಡಿಪ್‌ಕಾಡಿ ಹುಡುಕಿಕೊಂಡು ಅಲೆಯುತ್ತೇನೆ. ಬಗ್ಗಿದ ಗಂಟೆಯಂಥ ಹೂ, ಎಲ್ಲ ಒಂದೇ ಕಡೆ ಮುಖ ಮಾಡಿರುತ್ತವೆ. ಕಾಯಿ ಒಡೆದರೆ ಒಳಗೆ ಕಪ್ಪು ಚಪ್ಪಟೆ ಬೀಜ, ನಾಣ್ಯ ಪೇರಿಸಿಟ್ಟ ಹಾಗೆ ಸಾಲಾಗಿ.

2004ರಲ್ಲಿ ಮ್ಯಾನಿಂಗ್, ಗೋಲ್ಡ್‌ಬ್ಲಾಟ್, ಫೇ ಸೇರಿ ಈ ಡಿಪ್‌ಕಾಡಿ, ಆಲ್ಬುಕಾ ಎಲ್ಲವನ್ನೂ ಆರ್ನಿಥೋಗ್ಯಾಲಮ್ ಎಂಬ ಒಂದೇ ಜಾತಿಗೆ ತುಂಬಿದರು. ಆರ್ನಿಥೋಗ್ಯಾಲಮ್ ಗುಂಪಿಗೆ ಅದೊಂದೇ ಜಾತಿ ಆಯಿತು. 2009ರಲ್ಲಿ ಅವರ ಕಡೆಯವರೇ ಮತ್ತೆ ನೋಡಿ ನಾಲ್ಕು ಜಾತಿ ಎಂದರು, ಡಿಪ್‌ಕಾಡಿ ವಾಪಸ್ ಬಂತು. 2011ರಲ್ಲಿ ಮಾರ್ಟಿನೆಜ್ ಅಜೋರಿನ್ ಮತ್ತು ಜೊತೆಗಾರರು ಹತ್ತೊಂಬತ್ತು ಎಂದರು. ಏಳು ವರ್ಷದಲ್ಲಿ ಒಂದು, ನಾಲ್ಕು, ಹತ್ತೊಂಬತ್ತು! ಸಿಲ್ಲಾದ ಕಥೆಯೂ ಹೀಗೇ, 1998ರಲ್ಲಿ ಸ್ಪೇಟಾ ಅದನ್ನು ಒಡೆದು ಎಷ್ಟೋ ಜಾತಿ ಮಾಡಿದರು, ಅರ್ಧ ಜನ ಒಪ್ಪಿದರು, ಅರ್ಧ ಜನ ಇಲ್ಲ.

ನನ್ನ ನೋವು ಏನೆಂದರೆ, ನಮ್ಮ ಕೊಂಕಣ ಮತ್ತು ಪಶ್ಚಿಮ ಘಟ್ಟದ ಡಿಪ್‌ಕಾಡಿಗಳಲ್ಲಿ ಕೆಲವು ಬೇರೆಲ್ಲೂ ಇಲ್ಲ. ಕೊಂಕನೆನ್ಸ್ ಇದೆ, ಗೋವಾದ ಹೆಸರಿನ ಗೋಯೆನ್ಸ್ ಇದೆ. ಅವು ಇರುವ ಬಯಲನ್ನು ಹೊರಗಿನವರು ಬಂಜರು ಎನ್ನುತ್ತಾರೆ. ಎಂಟು ತಿಂಗಳು ಅಲ್ಲಿ ಏನೂ ಕಾಣುವುದಿಲ್ಲ, ನಿಜ. ಕಲ್ಲು ಕಡಿಯಲು, ಲೇಔಟು ಮಾಡಲು ಬಂದವರಿಗೆ ಅಡಿಯಲ್ಲಿ ಗಡ್ಡೆ ಮಲಗಿದೆ ಎಂದು ಹೇಳಿದರೆ ನಂಬುವುದಿಲ್ಲ. ಹೆಸರು ತೀರ್ಮಾನ ಆಗುವವರೆಗೂ ಕಾಯುತ್ತಾ ಕೂತರೆ ಗಿಡ ಉಳಿಯುವುದಿಲ್ಲ. ಕಂಡದ್ದನ್ನು ಕಂಡ ತಾರೀಕು, ಜಾಗದ ಸಮೇತ ಬರೆದಿಡಿ, ಫೋಟೋ ತೆಗೆಯಿರಿ. ಹೆಸರನ್ನು ಆಮೇಲೆ ತಿದ್ದಬಹುದು.

ಗಡ್ಡೆಗಿಡ:

ಕೆಂಪುಕಲ್ಲು ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಫೋಟೋ ತೆಗೆಯುವಾಗ ಹೂ ಒಂದೇ ಸಾಲದು. ಎಲೆ, ತುದಿಯ ಮೊಗ್ಗು, ಕಾಯಿ, ಬೀಜ ನಾಲ್ಕೂ ಬೇಕು. ಅವು ಒಂದೇ ದಿನ ಸಿಗುವುದಿಲ್ಲ, ವರ್ಷದಲ್ಲಿ ಮೂರು ಸಲ ಅದೇ ಜಾಗಕ್ಕೆ ಹೋಗಬೇಕು. ಗಡ್ಡೆ ಕೀಳುವ ಅಗತ್ಯ ಇಲ್ಲ.

ಹಿರಿಯೂರು_ರೈತ:

ಎರಡು ತಿಂಗಳಾದ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ, ಬಿತ್ತನೆ ಇತ್ತು.

ಆ ಚಾಚು ಸಿಕ್ಕಿತು. ಮಗಳು ಲೆನ್ಸ್ ಹಿಡಿದು ಬದುವಿನಲ್ಲಿ ಮಂಡಿಯೂರಿ ಕೂತು, ಅಪ್ಪಾ ಬಾ ಎಂದು ಕೂಗಿದಳು. ನಾನೂ ನೋಡಿದೆ. ಮೊಗ್ಗಿನ ಬುಡದಲ್ಲಿ ಅಕ್ಕಿಯ ನುಚ್ಚಿಗಿಂತ ಸಣ್ಣದು, ಹುಂಜದ ಕಾಲಿನ ಹಾಗೇ ಹಿಂದಕ್ಕೆ ಚಾಚಿದೆ. ಐವತ್ತು ವರ್ಷದಿಂದ ಈ ಬದು ತುಳಿಯುತ್ತಿದ್ದೇನೆ, ಕಂಡಿರಲಿಲ್ಲ. ಮೇ ಕೊನೆಗೆ ಕಾಯಿ ಒಡೆಯಿತು. ಒಂದು ಕಾಯಿಯ ಬೀಜ ಅಂಗೈಗೆ ಹಾಕಿಕೊಂಡು ಊದಿದಳು, ಹಾರಿದವು. ಉಳಿದದ್ದನ್ನು ಅಲ್ಲೇ ಬಿಟ್ಟು ಬಂದೆವು.

ಈಗ ಮಳೆ ಬಿದ್ದು ಎಲೆ ಬಂದಿದೆ, ಉದ್ದಕ್ಕೆ, ಪಟ್ಟಿಯ ಹಾಗೆ. ಅದೇ ಬದುವಿನ ಆ ಕಡೆ, ಕಲ್ಲು ಬಂಡೆಯ ನೆರಳಿನಲ್ಲಿ, ಇನ್ನೊಂದು ಗಡ್ಡೆ ಗಿಡ ಕಂಡಳು. ಗೇಣುದ್ದದ ಎಲೆ, ಮೇಲೆಲ್ಲ ನೇರಳೆ ಮಚ್ಚೆ. ಒಂದು ಎಲೆಯ ತುದಿ ನೆಲಕ್ಕೆ ತಾಗಿ ಅಲ್ಲೇ ಬೇರು ಬಿಟ್ಟು, ಕಡಲೆಕಾಳಿನಷ್ಟು ಪುಟ್ಟ ಗಡ್ಡೆ ಕಟ್ಟಿದೆ. ಕೀಳಲಿಲ್ಲ, ಫೋಟೋ ಹಾಕಿದ್ದೇನೆ. ಹೂ ಮುಗಿದಿತ್ತು, ಕಾಯಿ ಒಂದು ಒಡೆದಿತ್ತು, ಬೀಜ ದುಂಡಗಿದೆ.

ಬಾಟನಿ_ಮೇಡಂ:

ಲೆಡೆಬೌರಿಯಾ! ದುಂಡು ಬೀಜ ಎಂದು ನೀವೇ ನೋಡಿಬಿಟ್ಟಿರಿ. ಎಲೆಯ ತುದಿಯಲ್ಲಿ ಮರಿ ಗಡ್ಡೆ ಕಟ್ಟುವುದು ಅದರ ಅಭ್ಯಾಸ. ಪ್ರಭೇದ ಹೇಳಲು ಹೂ ಬೇಕು, ಮುಂದಿನ ವರ್ಷ ಮೊದಲ ಮಳೆ ಬಿದ್ದ ಮೇಲೆ ವಾರಕ್ಕೊಮ್ಮೆ ಆ ಬಂಡೆಯ ಹತ್ತಿರ ಹೋಗಲಿ. ಮಗಳಿಗೆ ಹೇಳಿ, ಹಾಳೆಯಲ್ಲಿ ಎರಡೂ ಪದ್ಧತಿಯ ಕುಟುಂಬ ಬರೆದು, ಕೆಳಗೆ ನಿಮ್ಮ ಅಜ್ಜಿ ಹೇಳುತ್ತಿದ್ದ ಹೆಸರನ್ನೂ ಬರೆಯಲಿ.

ಹಿರಿಯೂರು_ರೈತ:

ಬರೆದಿದ್ದಾಳೆ ಮೇಡಂ. ನರಿ ಈರುಳ್ಳಿ ಎಂದು, ಎಲ್ಲಕ್ಕಿಂತ ಮೇಲೆ.